ಕೆಮ್ಮಿದವರ ಪಕ್ಕದಲ್ಲಿ

ನವೆಂಬರ್ 4, ಸೋಮವಾರ

ಮಗಳು ಇವತ್ತು ಮನೆಗೆ ಬಂದಳು. ದಿನ ತುಂಬುವ ಮೊದಲೇ ಹುಟ್ಟಿ ಇಷ್ಟು ದಿನ ಆಸ್ಪತ್ರೆಯ ಬಿಸಿ ಪೆಟ್ಟಿಗೆಯಲ್ಲಿ ಮಲಗಿದ್ದವಳು. ಟ್ಯಾಕ್ಸಿಯಲ್ಲಿ ನನ್ನ ಹೆಂಡತಿಯ ಮಡಿಲಲ್ಲಿದ್ದ ಬಟ್ಟೆಗಂಟಿನೊಳಗೆ ಮಗು ಎಲ್ಲಿದೆ ಎಂದು ಹುಡುಕಿ ನೋಡಬೇಕಾಯಿತು. ಹೆಸರು ಇನ್ನೂ ಇಟ್ಟಿಲ್ಲ. ಸದ್ಯಕ್ಕೆ ಗುಬ್ಬಿ ಎನ್ನುತ್ತಿದ್ದೇವೆ.

ಹೊರಡುವ ಮುನ್ನ ದೊಡ್ಡ ನರ್ಸ್ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಪಾಠ ಮಾಡಿದರು. ಕೈ ತೊಳೆಯದೆ ಮುಟ್ಟಬಾರದು. ಮುತ್ತು ಕೊಡಬಾರದು. ನೆಗಡಿ ಕೆಮ್ಮು ಇದ್ದವರು ಹತ್ತಿರ ಬರಬಾರದು.

"ಯಾರೇ ಆಗ್ಲಿ ಅಂದ್ರೆ ಯಾರೇ ಆಗ್ಲಿ. ದಾಕ್ಷಿಣ್ಯ ಮಾಡ್ಕೊಂಡು ಸುಮ್ನೆ ಕೂರ್ಬೇಡಿ. ಆ ಕೂಸಿಗೆ ಎದ್ದು ದೂರ ಹೋಗೋಕಾಗಲ್ಲ."

ಈ ಮಾತು ಹೇಳುವಾಗ ನನ್ನನ್ನೇ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ.

ಮನೆಯಲ್ಲಿ ಅತ್ತೆ ಬಾಗಿಲು ತೆರೆದುಕೊಂಡೇ ಕಾಯುತ್ತಿದ್ದರು. ಹೆರಿಗೆಗೆಂದು ಬಂದವರು ಮಗಳ ಜೊತೆ ಇಲ್ಲೇ ಉಳಿದಿದ್ದಾರೆ. ಅಡುಗೆಯಿಂದ ಹಿಡಿದು ನನ್ನ ಅಂಗಿಯ ಗುಂಡಿಯವರೆಗೆ ಎಲ್ಲ ಅವರದೇ. ಕೈ ತೊಳೆದು ಮಗುವನ್ನು ತೆಗೆದುಕೊಂಡರು, ಮುಖ ನೋಡಿದರು, ಕಣ್ಣು ತುಂಬಿಕೊಂಡರು, ಆಮೇಲೆ ಕೆಮ್ಮಿದರು. ಒಣ ಕೆಮ್ಮು. ಒಂದರ ಹಿಂದೊಂದು, ಪೋಣಿಸಿದ ಹಾಗೆ.

"ಏನಿಲ್ಲ, ಧೂಳು" ಎಂದರು.

ಅವರು ಬಂದ ದಿನದಿಂದ ಕೆಮ್ಮುತ್ತಲೇ ಇದ್ದಾರೆ. ಇವತ್ತಿನವರೆಗೆ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ನವೆಂಬರ್ 6, ಬುಧವಾರ

ಅಂಗಡಿಗೆ ಹೋದೆ. ಕನ್ನಡಕದಂಗಡಿಯಲ್ಲಿ ಕಣ್ಣು ನೋಡುವವನ ಕೆಲಸ ಎಷ್ಟು ಅಪಾಯದ್ದು ಎಂದು ಇಷ್ಟು ವರ್ಷ ಹೊಳೆದಿರಲಿಲ್ಲ. ಕೋಣೆ ಬೀರುವಿಗಿಂತ ಸ್ವಲ್ಪ ದೊಡ್ಡದು. ಕಿಟಕಿ ಇಲ್ಲ. ದೀಪ ಆರಿಸಿ, ಬಂದವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಅವರ ಮೂಗಿನ ಮುಂದೆ ನನ್ನ ಮೂಗು ಇಟ್ಟುಕೊಂಡು ಗಾಜು ಬದಲಿಸುತ್ತಾ ಹೋಗುವುದು. ಮಾಸ್ಕ್ ಹಾಕಿಕೊಳ್ಳೋಣವೆಂದರೆ ನನ್ನ ಉಸಿರೆಲ್ಲ ಮೇಲೆ ಬಂದು ಪರೀಕ್ಷೆಯ ಗಾಜಿಗೆ ಹಬೆ ಕೂರುತ್ತದೆ. ಯಜಮಾನರಿಗೂ ಅದು ಇಷ್ಟವಿಲ್ಲ. "ಅಂಗ್ಡೀನ ಆಪರೇಷನ್ ಥಿಯೇಟರ್ ಮಾಡ್ಬೇಡಿ" ಎನ್ನುತ್ತಾರೆ.

ಮಧ್ಯಾಹ್ನ ಒಬ್ಬ ಟೈಲರ್ ಹೆಂಗಸು ಬಂದರು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವಂತೆ. ಮೂರನೇ ಸಾಲಿನ ಅಕ್ಷರ ಓದುತ್ತಾ ಓದುತ್ತಾ ನೇರ ನನ್ನ ಮುಖಕ್ಕೆ ಕೆಮ್ಮಿಬಿಟ್ಟರು. ನಾನು ಉಸಿರು ಬಿಗಿ ಹಿಡಿದೆ. ಅವರು ಓದಿದರು, ನಾನು ಗಾಜು ಬದಲಿಸಿದೆ, ಅವರು ಓದಿದರು, ನಾನು ಉಸಿರಾಡಲಿಲ್ಲ. ದೀಪ ಹಾಕಿದಾಗ ನನ್ನ ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು.

"ನನಗಿಂತ ನಿಮಗೇ ಜರೂರಾಗಿ ಬೇಕು ಅನ್ಸುತ್ತೆ ಕನ್ನಡಕ" ಎಂದರು ಆಕೆ.

ಹಿತ್ತಲ ನಲ್ಲಿಯಲ್ಲಿ ಮುಖವನ್ನು ಮೂರು ಸಲ ತೊಳೆದೆ. ಮನೆಗೆ ಬಂದವನು ಬಾಗಿಲ ಹಿಂದೆಯೇ ಬಟ್ಟೆ ಬದಲಿಸಿದೆ. ಆಕೆಗೆ ಒಂದು ಮಾತು ಹೇಳಬಹುದಿತ್ತು. ಏನಂತ ಹೇಳುವುದು? ಕೆಮ್ಮಬೇಡಿ ಎನ್ನಲು ಅದೇನು ಅವರು ಬೇಕೆಂದೇ ಮಾಡಿದ್ದೇ?

ನವೆಂಬರ್ 9, ಶನಿವಾರ

ಅತ್ತೆ ಗುಬ್ಬಿಯನ್ನು ಎದೆಗಾನಿಸಿ ತಟ್ಟುತ್ತಾ ಇದ್ದರು. ಕೆಮ್ಮು ಬಂತು. ಮುಖ ತಿರುಗಿಸಿ, ಅಂಗೈ ಅಡ್ಡ ಇಟ್ಟು ಕೆಮ್ಮಿ, ಅದೇ ಅಂಗೈಯಿಂದ ಮತ್ತೆ ತಟ್ಟತೊಡಗಿದರು. ಹೆಂಡತಿ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ.

ಅಡುಗೆಮನೆಯಲ್ಲಿ ಪಿಸುಮಾತಿನ ಜಗಳ.

"ರೀ, ನೀವೇ ಹೇಳಿ."

"ನಿಮ್ಮಮ್ಮ ತಾನೇ? ನೀನು ಹೇಳು."

"ನಾನು ಹೇಳಿದ್ರೆ ಅತ್ತುಬಿಡ್ತಾಳೆ. ನೀವು ಅಳಿಯ, ನಿಮ್ಮ ಮಾತಿಗೆ ಬೆಲೆ ಕೊಡ್ತಾಳೆ."

ಬೆಲೆ ಕೊಡುತ್ತಾರೆ, ನಿಜ. ಅಳಿಯಂದಿರು ಎಂದು ನನ್ನನ್ನು ಇವತ್ತಿಗೂ ಬಹುವಚನದಲ್ಲೇ ಕರೆಯುತ್ತಾರೆ. ಹಾಗೆ ಕರೆಯುವವರಿಗೆ ಬಾಯಿಗೆ ಅಡ್ಡ ಇಟ್ಟುಕೊಳ್ಳಿ ಎಂದು ಯಾವ ನಾಲಿಗೆಯಿಂದ ಹೇಳಲಿ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಗಬೇಕು ಈ ಕೆಲಸ.

ಸಂಜೆ ಒಂದು ಉಪಾಯ ಮಾಡಿದೆ. ಪೇಪರ್ ಹಿಡಿದು, ಅದರಲ್ಲಿ ಇಲ್ಲದ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿದೆ. ಕೆಮ್ಮುವಾಗ ಅಂಗೈ ಅಲ್ಲ, ಮೊಣಕೈ ಮಡಿಚಿ ಅಡ್ಡ ಇಡಬೇಕಂತೆ, ಇಲ್ಲದಿದ್ದರೆ ಎಳೆ ಮಕ್ಕಳಿಗೆ ತಗಲುತ್ತದಂತೆ, ಹಾಗಂತೆ, ಹೀಗಂತೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಪಾಪ, ಯಾರ ಮನೆ ಕೂಸೋ" ಎಂದು ನಿಟ್ಟುಸಿರುಬಿಟ್ಟು ಎದ್ದು ಹೋದರು.

ನವೆಂಬರ್ 12, ಮಂಗಳವಾರ

ಕೆಲಸ ಸುಲಭವಾಗಿ ಮುಗಿಯಿತು. ಅತ್ತೆ ಸ್ನಾನಕ್ಕೆ ಹೋದಾಗ ಅವರ ದಿಂಬಿನ ಮೇಲೆ ಹೊಸ ಮಾಸ್ಕುಗಳ ಒಂದು ಪೊಟ್ಟಣ, ಕೈಗೆ ಹಚ್ಚಿಕೊಳ್ಳುವ ಔಷಧಿಯ ಬಾಟಲಿ ಇಟ್ಟು ಅಂಗಡಿಗೆ ಹೊರಟೆ. ಸಂಜೆ ಬಂದು ನೋಡಿದರೆ ಮಾಸ್ಕ್ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದರು. ಒಂದು ಮಾತಿಲ್ಲ, ಕತೆಯಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನವೆಂಬರ್ 15, ಶುಕ್ರವಾರ

ಅತ್ತೆ ಈಗ ಗುಬ್ಬಿಯ ಕೋಣೆಗೆ ಬರುವುದಿಲ್ಲ. ಹಾಲಿನ ಬಟ್ಟಲನ್ನು ಹೊಸ್ತಿಲ ಬಳಿಯ ಸ್ಟೂಲಿನ ಮೇಲಿಟ್ಟು "ಇಟ್ಟಿದ್ದೀನಿ" ಎಂದು ಹೇಳಿ ಹೋಗುತ್ತಾರೆ. ನಮ್ಮ ಜೊತೆ ಊಟಕ್ಕೂ ಕೂರುತ್ತಿಲ್ಲ. ಆಮೇಲೆ ಮಾಡ್ತೀನಿ, ಹಸಿವಿಲ್ಲ, ಎನ್ನುತ್ತಾರೆ. ನಾನು ಹೇಳಿದ್ದು ಕೆಮ್ಮುವಾಗ ಜಾಗ್ರತೆ ಎಂದಷ್ಟೇ. ಹೇಳಿದ್ದು ಎಂದರೆ, ಹೇಳಲಿಲ್ಲ.

ಕೆಳಗಿನ ಮನೆಯ ಇಸ್ತ್ರಿಯವರು ಮೆಟ್ಟಿಲಲ್ಲಿ ಸಿಕ್ಕಿ ಕೇಳಿದರು: "ಬೆಳಿಗ್ಗೆ ನಿಮ್ಮತ್ತೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ರಲ್ಲ ಸಾರ್, ಬೀಗದ ಕೈ ಏನಾದ್ರೂ ಕಳ್ಕೊಂಡ್ರಾ?"

"ಇಲ್ವಲ್ಲ. ಯಾಕೆ?"

"ನಿನ್ನೇನೂ ಕೂತಿದ್ರು. ಒಂದೇ ಸಮ ಕೆಮ್ತಿದ್ರು. ನೀರು ಕೊಡ್ಲಾ ಅಂದ್ರೆ, ಬೇಡಪ್ಪ, ನೀನು ದೂರ ಹೋಗು ಅಂದ್ರು."

ಕೆಮ್ಮು ಬಂದಾಗಲೆಲ್ಲ ಅವರು ಮನೆಯಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೆಮ್ಮಿ ಬರುತ್ತಿದ್ದಾರೆ. ಮನೆ ಇಷ್ಟು ಮೌನವಾಗಿದೆ, ಕೆಮ್ಮು ಕಡಿಮೆಯಾಗಿದೆ ಎಂದು ನಾನು ಖುಷಿಪಡುತ್ತಿದ್ದೆ.

ನವೆಂಬರ್ 17, ಭಾನುವಾರ

ಅತ್ತೆ ಬ್ಯಾಗ್ ತುಂಬಿಕೊಂಡಿದ್ದಾರೆ. ನಾಳೆ ಮಧ್ಯಾಹ್ನದ ಬಸ್ಸಂತೆ. "ನನ್ನಿಂದ ಕೂಸಿಗೆ ಏನಾದ್ರೂ ಆದ್ರೆ ನಾನು ಬದುಕಿರೋಕಾಗುತ್ತಾ" ಎಂದರು. ಹೆಂಡತಿ ಅಳುತ್ತಾ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಲಿಲ್ಲ, ಆದರೆ ಬಾಯಿಂದ ಏನೂ ಬರಲೂ ಇಲ್ಲ.

ನವೆಂಬರ್ 18, ಸೋಮವಾರ

ಅತ್ತೆ ಹೋಗಲಿಲ್ಲ.

ಬೆಳಿಗ್ಗೆ ಅವರು ಮೆಟ್ಟಿಲಿಗೆ ಹೋದದ್ದು ಕೇಳಿಸಿತು. ಒಂದು ಲೋಟ ಬಿಸಿನೀರು ತೆಗೆದುಕೊಂಡು ನಾನೂ ಹೋದೆ. ಮೆಟ್ಟಿಲ ಕಿಟಕಿ ತೆರೆದಿತ್ತು. ಅವರ ಪಕ್ಕದಲ್ಲಿ ಲೋಟ ಇಟ್ಟು, ಎರಡು ಮೆಟ್ಟಿಲು ಕೆಳಗೆ ಕೂತೆ. ದೂರ ಹೋಗಿ ಎಂದು ಕೈ ಆಡಿಸಿದರು. ಹೋಗಲಿಲ್ಲ. ಕೆಮ್ಮು ನಿಲ್ಲುವವರೆಗೆ ಕಾದೆ. ಏನು ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅತ್ತೆ, ಯಾವಾಗಿಂದ ಇದು?" ಎಂದೆ.

ಮಾಸ್ಕ್ ಮೇಲಿನ ಕಣ್ಣು ನನ್ನನ್ನೇ ನೋಡಿತು.

"ನೀವೇ ಮೊದಲು ಕೇಳಿದ್ದು" ಎಂದರು. "ಬಸ್ಸಲ್ಲಿ ಕೆಮ್ಮಿದ್ರೆ ಪಕ್ಕದವರು ಎದ್ದು ಹೋಗ್ತಾರೆ. ಅಂಗಡೀಲಿ ಕೆಮ್ಮಿದ್ರೆ ದಾರಿ ಬಿಡ್ತಾರೆ. ಯಾಕೆ, ಏನು, ಅಂತ ಯಾರೂ ಕೇಳಲ್ಲ."

ಬೇಸಿಗೆ ಕಳೆದ ಮೇಲೆ ಶುರುವಾದದ್ದಂತೆ. ತಿಂಗಳುಗಳೇ ಆಗಿವೆ. ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದೆ. ಲೋಟ ತಿರುಗಿಸುತ್ತಾ ಹೇಳಿದರು. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಮನೆಯಲ್ಲಿ ಒಬ್ಬಳು ನಾದಿನಿ ಇದ್ದಳಂತೆ. ಕೆಮ್ಮು, ಜ್ವರ. ಡಾಕ್ಟರು ಕ್ಷಯ ಅಂದರು. ಅವತ್ತಿನಿಂದ ಅವಳ ತಟ್ಟೆ ಬೇರೆ, ಚಾಪೆ ಬೇರೆ, ಕೊನೆಗೆ ಕೋಣೆಯೂ ಬೇರೆ.

"ಔಷಧಿ ಕೊಡಿಸಿದ್ರು, ಇಲ್ಲ ಅನ್ನಲ್ಲ. ಆದ್ರೆ ಯಾರೂ ಅವಳ ಹತ್ರ ಮಾತಾಡ್ತಿರ್ಲಿಲ್ಲ. ನಾನೂ ಅಷ್ಟೇ. ತಟ್ಟೆ ಇಟ್ಟು ಓಡಿಬರ್ತಿದ್ದೆ. ನನಗೂ ಅದೇ ಅಂತ ಬರೆದುಕೊಟ್ರೆ?"

"ಅದೇ ಆಗಿದ್ರೆ ಈಗ ವಾಸಿ ಆಗುತ್ತೆ. ಬೇರೆ ಏನಾದ್ರೂ ಆಗಿದ್ರೆ ಅದಕ್ಕೂ ಮದ್ದಿರುತ್ತೆ. ನಾನು ಜೊತೇಲಿ ಬರ್ತೀನಿ."

"ನಿಮಗೆ ಅಂಗಡಿ."

"ಅಂಗಡಿ ಎಲ್ಲೂ ಓಡಿಹೋಗಲ್ಲ."

ಇಷ್ಟು ಮಾತನ್ನು ಮದುವೆಯಾದ ಮೇಲೆ ನಾನು ಅತ್ತೆಯ ಜೊತೆ ಒಟ್ಟಿಗೆ ಆಡಿದ್ದೇ ಇಲ್ಲ. ಬ್ಯಾಗ್ ಹಾಗೇ ಇದೆ, ಆದರೆ ಬಾಚಣಿಗೆ ಹೊರಗೆ ಬಂದಿದೆ.

ನವೆಂಬರ್ 19, ಮಂಗಳವಾರ

ಆಸ್ಪತ್ರೆಗೆ ಹೋಗಿಬಂದೆವು. ಎದೆಯ ಎಕ್ಸ್‌ರೇ ತೆಗೆದರು, ಕಫದ ಪರೀಕ್ಷೆಗೆ ಡಬ್ಬಿ ಕೊಟ್ಟರು. ಇವರದು ಒಣ ಕೆಮ್ಮು, ಕಫ ಎಲ್ಲಿಂದ ತರುವುದು? ತಿಣುಕಿ ತಿಣುಕಿ ಒಂದಿಷ್ಟು ಕೊಟ್ಟರು. ಫಲಿತಾಂಶ ಬರುವವರೆಗೆ ಮಗುವಿನಿಂದ ದೂರ ಇರಿ, ಮಾಸ್ಕ್ ಇರಲಿ, ಮಲಗುವಾಗ ಕಿಟಕಿ ತೆರೆದಿರಲಿ ಎಂದರು ಡಾಕ್ಟರಮ್ಮ. ಹಾಗೇನಾದರೂ ಇದ್ದರೆ ಮಗುವನ್ನೂ ನೋಡಬೇಕಾಗುತ್ತದೆ ಎಂದೂ ಹೇಳಿದರು. ಅತ್ತೆ ಅದನ್ನು ಕೇಳಿ ಕುರ್ಚಿಯ ಕೈ ಹಿಡಿದುಕೊಂಡರು.

ಕಾಯುವ ಜಾಗದಲ್ಲಿ ಒಂದು ನೋಡಿದೆ. ನಮ್ಮೆದುರು ಕೂತಿದ್ದ ದಪ್ಪನೆಯ ಮನುಷ್ಯನಿಗೆ ಕೆಮ್ಮು ಹತ್ತಿಕೊಂಡಿತು. ಜೇಬು ತಡಕುತ್ತಾನೆ, ಕರವಸ್ತ್ರ ಇಲ್ಲ. ಪಕ್ಕದ ಕಾಲೇಜು ಹುಡುಗಿ ಬ್ಯಾಗಿನಿಂದ ಕಾಗದದ ಕರವಸ್ತ್ರ ತೆಗೆದು "ತಗೊಳ್ಳಿ ಅಂಕಲ್" ಎಂದು ಕೊಟ್ಟಳು. ತಾನು ಮುಖ ಆಚೆ ತಿರುಗಿಸಿದಳು. ಎದ್ದು ಕಿಟಕಿ ತೆಗೆದಳು. ಬರುವಾಗ ಒಂದು ಕುರ್ಚಿ ಬಿಟ್ಟು ಕೂತು, "ನೀರಿದೆಯಾ ನಿಮ್ಮ ಹತ್ರ?" ಎಂದು ಕೇಳಿದಳು. ಮುಖ ಗಂಟಿಕ್ಕಲಿಲ್ಲ, ಮೂಗು ಮುಚ್ಚಿಕೊಳ್ಳಲಿಲ್ಲ. ಆ ಮನುಷ್ಯನಿಗೆ ಅವಳು ದೂರ ಕೂತದ್ದು ಗೊತ್ತೇ ಆದಂತೆ ಕಾಣಲಿಲ್ಲ. ಅತ್ತೆಯೂ ಅದನ್ನೇ ನೋಡುತ್ತಿದ್ದರು.

ನವೆಂಬರ್ 20, ಬುಧವಾರ

ಫಲಿತಾಂಶ ಬಂದಿಲ್ಲ. ಗುಬ್ಬಿ ಚೆನ್ನಾಗಿ ಹಾಲು ಕುಡಿದಳು. ಹೆಂಡತಿ ಏನೂ ತಿನ್ನಲಿಲ್ಲ.

ನವೆಂಬರ್ 21, ಗುರುವಾರ

ಕ್ಷಯ ಅಲ್ಲ. ಶ್ವಾಸಕೋಶ ಸ್ವಚ್ಛ. ಕಫದಲ್ಲೂ ಏನೂ ಇಲ್ಲ.

ಹಾಗಾದರೆ ಏನು ಎಂದು ನಾನು ಕೇಳಿದೆ. ಡಾಕ್ಟರಮ್ಮ ಎಕ್ಸ್‌ರೇ ಪಕ್ಕಕ್ಕಿಟ್ಟು, "ಬೇರೆ ಯಾವುದಾದ್ರೂ ಮಾತ್ರೆ ತಗೋತೀರಾ?" ಎಂದರು. ಅತ್ತೆ ಪರ್ಸಿನಿಂದ ಬಿ.ಪಿ. ಮಾತ್ರೆಯ ಪಟ್ಟಿ ತೆಗೆದುಕೊಟ್ಟರು. ಅದನ್ನು ತಿರುಗಿಸಿ ನೋಡಿ ಡಾಕ್ಟರಮ್ಮ ನಕ್ಕರು.

"ಇದೇ ನೋಡಿ ನಿಮ್ಮ ಕೆಮ್ಮು. ಈ ಜಾತಿಯ ಮಾತ್ರೆ ಕೆಲವರಿಗೆ ಹೀಗೆ ಒಣ ಕೆಮ್ಮು ತರುತ್ತೆ. ಬೇರೆ ಬರೆದುಕೊಡ್ತೀನಿ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ ಮತ್ತೆ. ಕೆಮ್ಮು ಹೋಗೋಕೆ ಕೆಲವು ವಾರ ಹಿಡೀಬಹುದು."

"ಇದು ಅಂಟುತ್ತಾ?" ಎಂದು ಅತ್ತೆ ಕೇಳಿದರು.

"ಮಾತ್ರೆ ನುಂಗಿದವರಿಗೆ ಮಾತ್ರ."

ಅತ್ತೆ ನಗಲು ಶುರುಮಾಡಿದರು, ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಬಸ್ಸಿನಲ್ಲಿ ನಾನು ಏನೋ ಹೇಳಲು ಹೋದೆ. ಮಾಸ್ಕ್, ದಿಂಬು, ಅದು ಇದು. ಅವರು ಕಿಟಕಿಯ ಹೊರಗೆ ನೋಡುತ್ತಾ, "ಇರಲಿ ಬಿಡಿ, ಗೊತ್ತಿರ್ಲಿಲ್ಲ. ಗೊತ್ತಿಲ್ಲದಾಗ ಜಾಗ್ರತೆ ಮಾಡ್ಬೇಕಾದ್ದೇ" ಎಂದರು. ಇಳಿಯಲು ಏಳುವಾಗ, "ಆದ್ರೆ ದಿಂಬಿನ ಮೇಲೆ ಇಡೋ ಬದ್ಲು ಕೈಗೆ ಕೊಡ್ಬಹುದಿತ್ತು" ಎಂದರು.

ಮನೆಗೆ ಬಂದವರೇ ಕೈ ಕಾಲು ಮುಖ ತೊಳೆದು, ಬಟ್ಟೆ ಬದಲಿಸಿ, ಗುಬ್ಬಿಯನ್ನು ಎತ್ತಿಕೊಂಡರು. ಸಂಜೆಯವರೆಗೆ ಕೆಳಗೆ ಇಳಿಸಲಿಲ್ಲ.

ನವೆಂಬರ್ 27, ಬುಧವಾರ

ಟೈಲರ್ ಹೆಂಗಸು ಮತ್ತೆ ಬಂದರು, ಕನ್ನಡಕ ಸರಿಯಿಲ್ಲ ಎಂದು. ಪರೀಕ್ಷೆ ಮಾಡಿ ನೋಡಿದರೆ ನಿಜಕ್ಕೂ ಸರಿಯಿಲ್ಲ, ಅವತ್ತು ನಾನೇ ಎಡಗಣ್ಣಿಗೆ ತಪ್ಪು ಬರೆದಿದ್ದೇನೆ. ಉಸಿರು ಹಿಡಿದು ಮಾಡಿದ ಕೆಲಸ ಎಷ್ಟು ಚೆನ್ನಾಗಿದ್ದೀತು? ಈ ಸಲ ಕೂರಿಸಿದ ಕೂಡಲೇ, "ಮನೇಲಿ ಎಳೆ ಮಗು ಇದೆ ಅಮ್ಮ, ಕೆಮ್ಮು ಬಂದ್ರೆ ಕೈ ಎತ್ತಿ, ನಾನು ಬಾಗಿಲು ತೆಗೀತೀನಿ, ನಿಧಾನಕ್ಕೆ ಕೆಮ್ಮಿ, ಆಮೇಲೆ ಮುಂದುವರಿಸೋಣ" ಎಂದೆ. ಆಕೆ ಎರಡು ಸಲ ಕೈ ಎತ್ತಿದರು. ಎರಡು ಸಲವೂ ಹೊರಗೆ ಹೋಗಿ ನೀರು ಕುಡಿದು ಬಂದರು. ಹೋಗುವಾಗ ಮಗುವಿನ ತೂಕ ಕೇಳಿ, ಟೋಪಿ ಹೊಲಿದುಕೊಡುತ್ತೇನೆ, ತಲೆಯ ಅಳತೆ ಹೇಳಿ ಎಂದರು.

ಇವತ್ತು ಅಂಗಡಿಯಲ್ಲಿ ಬಹಳ ಜನ. ಸೊಂಟ ಹಿಡಿದುಕೊಂಡಿದೆ.

ಡಿಸೆಂಬರ್ 3, ಮಂಗಳವಾರ

ಗಂಟಲು ಕೆರೆತ. ಹೊಸ ಫ್ರೇಮುಗಳ ಪೆಟ್ಟಿಗೆ ಬಿಚ್ಚಿದೆವು, ಧೂಳು ಹೋಗಿರಬೇಕು.

ಡಿಸೆಂಬರ್ 4, ಬುಧವಾರ

ಇದನ್ನು ಹೊರಗಿನ ಕೋಣೆಯಲ್ಲಿ ಬರೆಯುತ್ತಿದ್ದೇನೆ. ಇನ್ನು ಕೆಲವು ದಿನ ನನ್ನ ವಾಸ ಇಲ್ಲೇ.

ಬೆಳಿಗ್ಗೆ ಗುಬ್ಬಿಯನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತಿದ್ದೆ. ಒಂದು ಕೆಮ್ಮು ಬಂತು. ಒಂದೇ ಒಂದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

"ಏನಿಲ್ಲ, ಧೂಳು" ಎಂದೆ.

"ಇತ್ತ ಕೊಡಪ್ಪ ಕೂಸನ್ನ" ಎಂದರು. ಕಸಿದುಕೊಳ್ಳಲಿಲ್ಲ. ಕೈ ಚಾಚಿದರು, ನಾನು ಕೊಟ್ಟೆ. ಮಗುವನ್ನು ಒಳಗೆ ನನ್ನ ಹೆಂಡತಿಯ ಕೈಗೆ ಕೊಟ್ಟು ಬಂದು, "ಯಾವಾಗಿಂದ? ಮೈ ಕೈ ನೋವಿದೆಯಾ? ಚಳಿ ಚಳಿ ಅನ್ಸುತ್ತಾ?" ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಹೌದು ಎನ್ನಬೇಕಾಯಿತು.

"ನೀನು ಹೊರಕೋಣೇಲಿ ಮಲ್ಕೋ. ನಾನು ಹಾಸ್ತೀನಿ."

ಮಾಸ್ಕ್ ತಂದು ನನ್ನ ಕೈಗೇ ಕೊಟ್ಟರು. ತಾವೂ ಒಂದು ಹಾಕಿಕೊಂಡರು. ಹಾಸಿಗೆ ಹಾಸಿ, ಕಿಟಕಿ ತೆಗೆದು, ಕೈಗೆಟಕುವ ಹಾಗೆ ಬಿಸಿನೀರಿನ ಫ್ಲಾಸ್ಕ್ ಇಟ್ಟರು. ಆಮೇಲೆ ಒಂದು ಕುರ್ಚಿ ತಂದು ಬಾಗಿಲ ಆಚೆ ಹಾಕಿಕೊಂಡು ಅಲ್ಲೇ ಕೂತರು.

"ನೀವು ಒಳಗೆ ಹೋಗಿ ಅತ್ತೆ."

"ಇಲ್ಲಿಂದ ನನಗೇನೂ ಆಗಲ್ಲ. ಒಬ್ನೇ ಬಿದ್ಕೊಂಡಿದ್ರೆ ಜ್ವರಕ್ಕಿಂತ ಬೇಜಾರೇ ಜಾಸ್ತಿ ಆಗುತ್ತೆ."

ಜ್ವರ ಇದೆ. ಅತ್ತೆ ನನ್ನನ್ನು ನೀನು ಎಂದದ್ದು ಈಗ ಬರೆಯುವಾಗ ಗಮನಕ್ಕೆ ಬಂತು.

ಡಿಸೆಂಬರ್ 5, ಗುರುವಾರ

ಜ್ವರ. ಅತ್ತೆ ಬಾಗಿಲಾಚೆ ಕೂತು ತಮ್ಮ ನಾದಿನಿಯ ಕತೆ ಹೇಳಿದರು. ಅವಳು ಎಂಥ ಮಿಮಿಕ್ರಿ ಮಾಡುತ್ತಿದ್ದಳಂತೆ, ಮಾವನವರ ನಡಿಗೆಯನ್ನು ಥೇಟ್ ಹಾಗೇ. ಇವತ್ತು ಹೇಳುತ್ತಾ ತಾವೇ ಎದ್ದು ನಡೆದು ತೋರಿಸಿದರು.

ಡಿಸೆಂಬರ್ 7, ಶನಿವಾರ

ಗುಬ್ಬಿ ಆಸ್ಪತ್ರೆಯಲ್ಲಿದ್ದಾಳೆ.

ಮಧ್ಯಾಹ್ನ ಹಾಲು ಬೇಡವೆಂದಳಂತೆ. ಮಲಗಿದ್ದಾಳೆ, ಬಿಡಮ್ಮ ಎಂದಳಂತೆ ಇವಳು. ಅತ್ತೆ ಬಿಡಲಿಲ್ಲ, ಅಂಗಿ ಸರಿಸಿ ನೋಡಿದರು. "ಉಸಿರಿಗೊಮ್ಮೆ ಪಕ್ಕೆ ಒಳಗೆ ಹೋಗ್ತಿದೆ ನೋಡು. ಏಳು, ಟ್ಯಾಕ್ಸಿ ಕರೀರಿ" ಎಂದದ್ದು ನನಗೆ ಹೊರಕೋಣೆಗೆ ಕೇಳಿಸಿತು. ನಾನೇ ಫೋನ್ ಮಾಡಿದೆ. ಅವರು ಮೂವರು ಒಂದು ಟ್ಯಾಕ್ಸಿಯಲ್ಲಿ ಹೋದರು. ನಾನು ಮಾಸ್ಕ್ ಹಾಕಿಕೊಂಡು ಹಿಂದಿನಿಂದ ನಡೆದುಕೊಂಡೇ ಹೋದೆ.

ಮಕ್ಕಳ ವಿಭಾಗದ ಬಾಗಿಲಲ್ಲಿ ಅದೇ ದೊಡ್ಡ ನರ್ಸ್. ನಾನೇ ಹೇಳಿದೆ: "ನನಗೆ ಜ್ವರ, ಕೆಮ್ಮು ಇದೆ. ನಾನು ಒಳಗೆ ಬರಲ್ಲ. ಹೊರಗಿನ ಬೆಂಚಲ್ಲಿರ್ತೀನಿ." ಅವರು ತಲೆಯಾಡಿಸಿದರು.

ಬೆಂಚು ರಸ್ತೆಯ ಆಚೆ ಬದಿಗೆ, ಒಂದು ಮರದ ಕೆಳಗೆ ಇತ್ತು. ಅಲ್ಲಿಂದ ಎರಡನೇ ಮಹಡಿಯ ಕಿಟಕಿಗಳು ಕಾಣುತ್ತವೆ, ಯಾವುದು ಗುಬ್ಬಿಯದು ಎಂದು ತಿಳಿಯುವುದಿಲ್ಲ. ನಾನು ಎಲ್ಲ ಕಿಟಕಿಯನ್ನೂ ನೋಡುತ್ತಾ ಕೂತೆ. ನನ್ನಿಂದಲೇ ಬಂದದ್ದು. ಬೇರೆ ಎಲ್ಲಿಂದ ಬರುತ್ತದೆ? ಗಂಟಲು ಕೆರೆದ ದಿನವೂ ಎತ್ತಿಕೊಂಡಿದ್ದೆ.

ಸಂಜೆಯ ಹೊತ್ತಿಗೆ ಅತ್ತೆ ರಸ್ತೆ ದಾಟಿ ಬಂದರು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ಆಮ್ಲಜನಕ ಇಟ್ಟಿದ್ದಾರೆ. ಬೇಗ ತಂದ್ರಿ, ಒಳ್ಳೇದಾಯ್ತು ಅಂದ್ರು. ಈಗ ಉಸಿರು ಸ್ವಲ್ಪ ಸಮ ಆಗಿದೆ."

ನಾನು ಮತ್ತೆ ಕಿಟಕಿಗಳ ಕಡೆ ನೋಡಿದೆ.

"ನನ್ನಿಂದಲೇ ಅಂತ ಕೂತಿದ್ದೀಯ ಅಲ್ವಾ?" ಎಂದರು. "ಕೆಮ್ಮು ಏನು ಯಾರಪ್ಪನ ಮನೆ ಆಸ್ತೀನಾ, ಇವನದು ಅವನದು ಅನ್ನೋಕೆ? ಯಾರೋ ನಿಂಗೆ ಕೊಟ್ರು, ಅವರಿಗೆ ಇನ್ಯಾರೋ ಕೊಟ್ಟಿದ್ರು. ಈಗ ನೀನು ಮನೆಗೆ ಹೋಗು, ಮಾತ್ರೆ ನುಂಗು, ಮಲ್ಕೋ. ನಿನ್ನ ಜ್ವರ ಇಳಿದ್ರೆ ಒಬ್ಬರ ಚಿಂತೆಯಾದ್ರೂ ಇಳಿಯುತ್ತೆ ನನಗೆ."

ನಾನು ಎದ್ದು ಹೋಗುವವರೆಗೆ ಅವರು ಏಳಲಿಲ್ಲ.

ಡಿಸೆಂಬರ್ 8, ಭಾನುವಾರ

ಹಾಗೇ ಇದೆ ಎಂದರು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಡಿಸೆಂಬರ್ 9, ಸೋಮವಾರ

ಹಾಲು ಕುಡಿದಳು! ಸ್ವಲ್ಪವೇ. ಇವಳು ಫೋನಿನಲ್ಲಿ ಹೇಳುತ್ತಾ ಅತ್ತಳು. ಹಿಂದಿನಿಂದ ಅತ್ತೆ, "ಅಳ್ಬೇಡ್ವೇ, ಅವನು ಏನೋ ಆಯ್ತು ಅನ್ಕೋತಾನೆ" ಎನ್ನುವುದು ಕೇಳಿಸಿತು.

ಡಿಸೆಂಬರ್ 13, ಶುಕ್ರವಾರ

ಮನೆಗೆ ಬಂದರು. ನನ್ನ ಜ್ವರ ಹೋಗಿ ಮೂರು ದಿನ, ಕೆಮ್ಮೂ ನಿಂತಿದೆ. ಆದರೂ ಹೊಸ್ತಿಲಲ್ಲೇ ನಿಂತೆ. ಡಾಕ್ಟರು ಎತ್ತಿಕೊಳ್ಳಬಹುದು ಎಂದಿದ್ದಾರೆ ಎಂದು ಇವಳು ಹೇಳಿದಳು. ಇನ್ನೊಂದು ದಿನ ಹೋಗಲಿ ಎಂದೆ. ಅತ್ತೆ ನನ್ನ ಕೈ ನೋಡಿ, ತೊಳೆದುಕೊಂಡು ಬಾ ಎಂದು ಸ್ನಾನದ ಮನೆಯ ಕಡೆ ಗಲ್ಲ ಎತ್ತಿ ತೋರಿಸಿದರು. ತೊಳೆದು ಬಂದ ಮೇಲೆ ಕೈಯಲ್ಲಿಟ್ಟರು.

ಹೋದಾಗಿನದಕ್ಕಿಂತ ಹಗುರವಾಗಿದ್ದಾಳೆ ಎನಿಸಿತು. ಇವಳು ಇಲ್ಲ, ಅಷ್ಟೇ ಇದ್ದಾಳೆ ಎನ್ನುತ್ತಾಳೆ.

ಅತ್ತೆಯ ಕೆಮ್ಮು ಬಹಳ ಕಡಿಮೆಯಾಗಿದೆ. ಬೆಳಿಗ್ಗೆ ಎದ್ದಾಗ ಒಂದಿಷ್ಟು, ಅಷ್ಟೇ.

ಡಿಸೆಂಬರ್ 22, ಭಾನುವಾರ

ಅಣ್ಣ ಬಂದಿದ್ದ. ನನ್ನ ಒಬ್ಬನೇ ಅಣ್ಣ. ದೂರದೂರಿಗೆ ಲಾರಿ ಓಡಿಸುವವನು. ಗುಬ್ಬಿ ಹುಟ್ಟಿದ ಮೇಲೆ ಇದೇ ಮೊದಲು ಈ ಕಡೆ ಲೋಡ್ ಸಿಕ್ಕಿದ್ದು. ಲಾರಿ ಮುಖ್ಯರಸ್ತೆಯಲ್ಲಿ ನಿಲ್ಲಿಸಿ, ಮಗುವಿನ ನಾಲ್ಕರಷ್ಟು ದೊಡ್ಡದಾದ ಒಂದು ಬಟ್ಟೆಯ ಕರಡಿಯನ್ನು ಹೆಗಲ ಮೇಲೆ ಹೊತ್ತು, "ಎಲ್ಲೋ ನನ್ನ ಮಗಳು?" ಎಂದು ಮೆಟ್ಟಿಲಿಂದಲೇ ಕೂಗಿಕೊಂಡು ಬಂದ. ಬಾಗಿಲಲ್ಲಿ ನಿಂತು ಅಂಗೈಗೆ ಕೆಮ್ಮಿ, ಎರಡೂ ಕೈ ಚಾಚಿದ.

"ಅಣ್ಣಾ, ನಿಲ್ಲು" ಎಂದೆ. "ಕೆಮ್ತಿದ್ದೀಯ. ಮಗು ಇನ್ನೂ ಹುಷಾರಾಗ್ತಿದೆ, ಹತ್ತಿರ ಬೇಡ. ಬಾ, ಆಚೆ ಕಿಟಕಿ ಹತ್ರ ಕೂತ್ಕೋ. ಈ ಮಾಸ್ಕ್ ಹಾಕ್ಕೋ."

"ಸ್ವಂತ ದೊಡ್ಡಪ್ಪ ಕಣೋ ನಾನು!"

"ಅದಕ್ಕೇ ಕೂತ್ಕೋ ಅಂತಿರೋದು. ಬೇರೆಯವರಾಗಿದ್ರೆ ಬಾಗಿಲಿಂದಲೇ ಕಳಿಸ್ತಿದ್ದೆ."

ಮುಖ ಊದಿಸಿಕೊಂಡು ಕೂತ. ಅತ್ತೆ ಟೀ ತಂದಿಟ್ಟರು. ನಾನೂ ಒಂದು ಕುರ್ಚಿ ಎಳೆದು, ಗಾಳಿ ನಮ್ಮಿಬ್ಬರ ನಡುವೆ ಆಡುವ ಹಾಗೆ ಕೂತೆ. ಲಾರಿ, ರಸ್ತೆ, ಅತ್ತಿಗೆ, ಮಕ್ಕಳ ಶಾಲೆ ಎಲ್ಲ ಮಾತಾಡಿದೆವು. ನಡುನಡುವೆ ಮೊಣಕೈಗೆ ಕೆಮ್ಮುತ್ತಿದ್ದ. ಹಸಿ ಕೆಮ್ಮು, ಎದೆಯ ಆಳದಿಂದ ಬರುವಂಥದ್ದು. ಅವನ ಅಂಗಿಯ ಕಾಲರ್ ಕುತ್ತಿಗೆಗೆ ಸಡಿಲವಾಗಿತ್ತು.

"ಎಷ್ಟು ದಿನದಿಂದ ಇದೆ?"

"ಡೀಸೆಲ್ ಹೊಗೆ ಕಣೋ. ಡ್ರೈವರಿಗೆಲ್ಲ ಇದ್ದದ್ದೇ."

"ಎಷ್ಟು ದಿನದಿಂದ ಅಂದೆ."

ಟೀ ಲೋಟವನ್ನು ನೋಡಿದ. ಮೂರು ಬೀದಿಗೆ ಕೇಳಿಸುವ ದನಿ ಇಳಿದುಹೋಯಿತು.

"ಒಂದೂವರೆ ತಿಂಗಳಾಗಿರ್ಬೇಕು. ರಾತ್ರಿ ಬೆವರ್ತೀನಿ, ಸೀಟೆಲ್ಲ ಒದ್ದೆಯಾಗುತ್ತೆ. ಮೊನ್ನೆ ಬೆಲ್ಟಿಗೆ ಹೊಸ ತೂತು ಹಾಕಿಸ್ದೆ."

"ಅತ್ತಿಗೆಗೆ ಹೇಳಿದ್ಯಾ?"

"ಇಲ್ಲ. ಕ್ಲೀನರ್ ಹುಡುಗ ಬೇರೆ ಲಾರಿಗೆ ಹೋಗ್ಬಿಟ್ಟ. ಯಾಕೆ ಅಂತ ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ, ಡಾಕ್ಟರಮ್ಮ ನನಗೆ ಗೊತ್ತು, ಕೆಟ್ಟದ್ದೇ ಆಗಿದ್ದರೂ ವಾಸಿಯಾಗುವಂಥದ್ದು ಎಂದೆ. ಲೋಡ್ ತಲುಪಿಸಬೇಕು ಎಂದ. ಲೋಡಿಗೆ ಬೇರೆ ಡ್ರೈವರ್ ಸಿಗುತ್ತಾರೆ, ಅತ್ತಿಗೆಗೆ ಬೇರೆ ಗಂಡ ಸಿಗುತ್ತಾನೆಯೇ ಎಂದೆ. ನಕ್ಕ. ನಗುತ್ತಾ ಕೆಮ್ಮಿದ. ಮುಗಿಯುವವರೆಗೆ ಕಾದು ನೀರು ಕೊಟ್ಟೆ. ಸರಿ, ರಾತ್ರಿ ಲಾರಿಯಲ್ಲೇ ಮಲಗಿ ಬೆಳಿಗ್ಗೆ ನೇರ ಆಸ್ಪತ್ರೆಗೆ ಬರುತ್ತೇನೆ ಎಂದ.

ಹೊರಡುವಾಗ ಮೆಟ್ಟಿಲಲ್ಲಿ ನಿಂತು ನನ್ನನ್ನು ಒಂದು ಥರ ನೋಡಿ, "ನೀನು ಚಿಕ್ಕಂದಿನಲ್ಲಿ ಹಸಿವಾಗಿದೆ ಅಂತಾನೂ ಬಾಯಿ ಬಿಟ್ಟು ಹೇಳ್ತಿರ್ಲಿಲ್ಲ ಕಣೋ. ಇದೆಲ್ಲ ಯಾವಾಗ ಕಲಿತೆ?" ಎಂದ. ಏನು ಕಲಿತದ್ದು? ಕೆಮ್ಮುತ್ತಿದ್ದ, ಕೇಳಿದೆ. ಅಣ್ಣನ ಮಾತು ಕೆಲವು ಸಲ ಅರ್ಥವಾಗುವುದಿಲ್ಲ.

ಅವನು ಕೆಳಗೆ ಹೋಗಿ ರಸ್ತೆಯಲ್ಲಿ ನಿಂತಾಗ ನಾನು ಗುಬ್ಬಿಯನ್ನು ಎತ್ತಿಕೊಂಡು ಕಿಟಕಿಗೆ ಬಂದೆ. ಟೈಲರಮ್ಮನ ಟೋಪಿಯಲ್ಲಿ ಮುಖವೇ ಮುಳುಗಿತ್ತು, ಸ್ವಲ್ಪ ಸರಿಸಿ ತೋರಿಸಿದೆ. ಅಣ್ಣ ಮಾಸ್ಕ್ ತೆಗೆಯಲಿಲ್ಲ. ಲಾರಿಯನ್ನು ಹಿಂದಕ್ಕೆ ತೆಗೆಸುವವನ ಹಾಗೆ ಎರಡೂ ಕೈ ಎತ್ತಿ ಬಹಳ ಹೊತ್ತು ಬೀಸಿದ.

ನಾಳೆಗೆ ಯಜಮಾನರಿಗೆ ರಜೆ ಹೇಳಿದ್ದೇನೆ. ಎಂಟು ಗಂಟೆಗೆ ಮೊದಲೇ ಹೋಗಬೇಕು. ಅಣ್ಣ ಒಬ್ಬನೇ ಸಾಲಿನಲ್ಲಿ ನಿಲ್ಲಬಾರದು.